ತಿಪ್ಪಯ್ಯಣ್ಣ ನೋಡಿದ ಜಪಾನಿನ ಕುಸ್ತಿ

ಗಡಿಯಾರದ ಕಾರ್ಖಾನೆಯಲ್ಲಿದ್ದಾಗ, ೧೯೮೪ರಲ್ಲಿ, ನಾನು ತರಬೇತಿಗೆಂದು ಜಪಾನಿಗೆ ಹೋಗಿದ್ದೆ. ಬರುವಾಗ ಅಲ್ಲಿಂದಲೇ ಒಂದು ಟೀವಿ, ಒಂದು ವಿಸಿಆರ್, ಜೊತೆಗೆ ಗೆಳೆಯನೊಬ್ಬ ರೆಕಾರ್ಡ್ ಮಾಡಿಕೊಟ್ಟ ಕುಸ್ತಿಯ ಕ್ಯಾಸೆಟ್ ತಂದೆ. ತುಮಕೂರಿನ ನಮ್ಮ ವಠಾರದಲ್ಲಿ ಅದನ್ನು ಹಾಕಿದ ಭಾನುವಾರ ಮನೆ ತುಂಬ ಜನ. ಪಕ್ಕದ ಮನೆಯ ತಿಪ್ಪಯ್ಯಣ್ಣನನ್ನು ನಾನೇ ಬಲವಂತ ಮಾಡಿ ಕರೆತಂದಿದ್ದೆ.

ಗುಬ್ಬಿಯ ಗರಡಿಯಲ್ಲಿ ಬೆಳೆದ ಪೈಲ್ವಾನ್ ಆತ. ಈಗ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಕುಸ್ತಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕಾರಣ ವಠಾರಕ್ಕೆಲ್ಲ ಗೊತ್ತಿದ್ದರೂ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎಪ್ಪತ್ತೆರಡರಲ್ಲಿ ಕುಣಿಗಲ್‌ನ ಪಂದ್ಯದಲ್ಲಿ ಆತ ಸಿದ್ದಗಂಗಯ್ಯನೆಂಬ ಎದುರಾಳಿಯನ್ನು ಸೊಂಟ ಹಿಡಿದೆತ್ತಿ ಹಿಂದಕ್ಕೆ ಎಸೆದಿದ್ದ. ಸಿದ್ದಗಂಗಯ್ಯ ಕತ್ತಿನ ಮೇಲೆ ಬಿದ್ದ. ಆಮೇಲೆ ಅವನ ಕಾಲು ಏಳಲಿಲ್ಲ, ಕೈಯೂ ಅಷ್ಟಕ್ಕಷ್ಟೇ. ತಿಪ್ಪಯ್ಯಣ್ಣ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದನಂತೆ. ಮತ್ತೆ ಕುಣಿಗಲ್ ಬಸ್ಸನ್ನೇ ಹತ್ತಿರಲಿಲ್ಲ.

ಟೀವಿಯಲ್ಲಿ ನೂರು ಕಿಲೋ ಮೀರಿದ ಇಬ್ಬರು. ಒಬ್ಬನದು ಕಪ್ಪು ಚಡ್ಡಿ, ಇನ್ನೊಬ್ಬನದು ನೀಲಿ. ಮೊದಲ ಕಾಲು ಗಂಟೆ ಕೈ ತಿರುಚುವುದು, ಬಿಡಿಸಿಕೊಳ್ಳುವುದು, ಇಷ್ಟೇ. ಇದೆಲ್ಲ ನಾಟಕ ಎಂದು ನಕ್ಕು ಕೆಲವರು ಎದ್ದು ಹೋದರು. ತಿಪ್ಪಯ್ಯಣ್ಣ ಕಣ್ಣು ಕೀಳಲಿಲ್ಲ. ನೀಲಿಯವನಿಗೆ ಎಡ ಮಂಡಿ ನೋಯುತ್ತಿದೆ, ಭಾರವೆಲ್ಲ ಬಲಗಾಲಿನ ಮೇಲಿದೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಸ್ವಲ್ಪ ಹೊತ್ತಿಗೆ ಕಪ್ಪಿನವನು ಅದೇ ಮಂಡಿಗೆ ಕೈ ಹಾಕಿದ.

ನಲವತ್ತು ನಿಮಿಷ ಕಳೆದ ಮೇಲೆ ಕಪ್ಪಿನವನು ಎದುರಾಳಿಯ ಸೊಂಟ ಹಿಡಿದೆತ್ತಿ ಹಿಂದಕ್ಕೆ ಬಾಗಿದ. ತಿಪ್ಪಯ್ಯಣ್ಣ ನನ್ನ ತೋಳು ಹಿಡಿದುಕೊಂಡ. ಕ್ಯಾಸೆಟ್ ಹಿಂದಕ್ಕೆ ತಿರುಗಿಸಲು ಹೇಳಿ ಆ ಪಟ್ಟನ್ನು ಮೂರು ಸಲ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ನಾಟಕ ಅಂತಾರಲ್ಲ, ನೋಡು ಶಿವರಾಮು. ಕೊನೇವರ್ಗೂ ಸೊಂಟ ಬುಟ್ಟಿಲ್ಲ, ತಾನೂ ಜೊತೇಲೇ ಬಿದ್ದವ್ನೆ. ಅದಕ್ಕೇ ಅವ್ನ ಕತ್ತು ಉಳೀತು. ನಾನು ಕೈ ಬುಟ್ಬುಟ್ಟಿದ್ದೆ."

ಒಂದು ಗಂಟೆಯ ಗಡುವು ಮುಗಿದು ಪಂದ್ಯ ಸಮವಾಯಿತು. ಇಬ್ಬರೂ ನಿಲ್ಲಲಾರದೆ ಅಖಾಡದ ಸುತ್ತ ಕಟ್ಟಿದ ಹಗ್ಗ ಹಿಡಿದುಕೊಂಡಿದ್ದರು.

ಮುಂದಿನ ಭಾನುವಾರ ತಿಪ್ಪಯ್ಯಣ್ಣ ಕುಣಿಗಲ್‌ಗೆ ಜೊತೆಗೆ ಬಾ ಎಂದು ನನ್ನನ್ನು ಕರೆದ. ನಾವು ಹೋದಾಗ ಸಿದ್ದಗಂಗಯ್ಯ ಮಂಚದ ಮೇಲಿದ್ದ. ಹೆಂಡತಿ ನರಸಮ್ಮ ಚಾಪೆ ಹಾಸಿದಳು. ತಿಪ್ಪಯ್ಯಣ್ಣ ಕ್ಷಮೆ ಕೇಳಲಿಲ್ಲ. ಬಾಯಿಗೆ ಬಂದದ್ದು ಆ ಕುಸ್ತಿಯೇ. ಒಂದೊಂದು ಪಟ್ಟನ್ನೂ ಕೈಯಲ್ಲಿ ತೋರಿಸುತ್ತ ಹೇಳಿದ. ಸಿದ್ದಗಂಗಯ್ಯ ಕಣ್ಣು ಮುಚ್ಚಿ ಕೇಳಿದ. ಯಾವ ಮಂಡಿ ಎಂದು ನಡುವೆ ಒಮ್ಮೆ ವಿಚಾರಿಸಿದ. ಆ ಎಸೆತದ ಹತ್ತಿರ ಬಂದಾಗ ತಿಪ್ಪಯ್ಯಣ್ಣ ಕೈ ಕೆಳಗಿಳಿಸಿ ಅಷ್ಟಕ್ಕೇ ಬಿಟ್ಟ.

"ಗೆದ್ದೋರು ಯಾರು?" ಎಂದು ಸಿದ್ದಗಂಗಯ್ಯ ಕೇಳಿದ.

"ಯಾರೂ ಇಲ್ಲ. ಸಮ."

"ಇಬ್ರೂ ನಡ್ಕಂಡೇ ಮನೇಗೆ ಹೋದ್ರಾ?"

ತಿಪ್ಪಯ್ಯಣ್ಣ ಹೂಂ ಎಂದ. ಸಿದ್ದಗಂಗಯ್ಯ ಗೋಡೆಯ ಕಡೆ ಮುಖ ತಿರುಗಿಸಿದ.

ನರಸಮ್ಮ ಬೀದಿಯವರೆಗೆ ಬಂದಳು. "ಇನ್ನು ಬರ್ಬೇಡಿ ಅಣ್ಣ. ಇವ್ರು ಕುಸ್ತಿ ಮಾತು ಮರ್ತಿದ್ರು."

ತಿಪ್ಪಯ್ಯಣ್ಣ ಮತ್ತೆ ಹೋಗಲಿಲ್ಲ. ಎಂಬತ್ತೇಳರಲ್ಲಿ ಸಿದ್ದಗಂಗಯ್ಯ ತೀರಿಕೊಂಡ. ಸುದ್ದಿ ಕೊಬ್ಬರಿ ಮಂಡಿಗೆ ಬರುವಷ್ಟರಲ್ಲಿ ಮಣ್ಣಾಗಿ ಎಂಟು ದಿನ. ತಿಥಿಗೆ ತಿಪ್ಪಯ್ಯಣ್ಣ ಒಬ್ಬನೇ ಹೋದ. ಯಾರೂ ಮಾತಾಡಿಸಲಿಲ್ಲವಂತೆ. ನರಸಮ್ಮ ಎಲೆ ಹಾಕಿ ಬಡಿಸಿದಳು. ಉಂಡು, ಎಲೆ ಎತ್ತಿ, ಸಂಜೆಯ ಬಸ್ಸಿಗೆ ವಾಪಸ್ ಬಂದ.