ನಡುವಿನ ಗೇಣು ಜಾಗ

ನನ್ನ ತಂಗಿ ಮತ್ತು ಅವಳ ಮಗಳು ಇಬ್ಬರೂ ಇರುವ ಫೋಟೊಗಳು ಐದೇ ಐದು. ಐದನ್ನೂ ತೆಗೆದವನು ನಾನು. ಮಗಳು ಆಗ ತಾಯಿಯ ಹೊಟ್ಟೆಯಲ್ಲಿದ್ದಳು, ಏಳು ತಿಂಗಳು. ಆ ಫೋಟೊಗಳನ್ನು ಹನ್ನೊಂದು ವರ್ಷ ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಹಾಳಾದವು ಎಂದು ಹೇಳಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ತೊಂಬತ್ತರ ದಶಕದ ನಡುವೆ ನಾನು ಧಾರವಾಡದ ಒಂದು ಕಚೇರಿಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದೆ. ಮನೆ ಕೆಲಗೇರಿ ಕೆರೆಯ ಕಡೆ. ಅಲ್ಲಿ ಅವ್ವ ಮತ್ತು ನಾನು ಇಬ್ಬರೇ. ತಂಗಿಯನ್ನು ಹುಬ್ಬಳ್ಳಿಯ ಬೆಂಗೇರಿಗೆ ಕೊಟ್ಟಿದ್ದೆವು. ಕಚೇರಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಕ್ಯಾಮೆರಾ ಮಾರಿದರು, ನಾನು ಕೊಂಡೆ. ರೀಲು ಹಾಕುವ ಕ್ಯಾಮೆರಾವೇ, ಆದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವಂಥದು. ರೀಲಿನ ನಾಲಗೆಯನ್ನು ಕೆಂಪು ಗುರುತಿನವರೆಗೆ ಎಳೆದಿಟ್ಟು ಹಿಂದಿನ ಬಾಗಿಲು ಮುಚ್ಚಿದರೆ ಸಾಕು, ಒಳಗಿನ ಮೋಟರು ಅದನ್ನು ಸುತ್ತಿಕೊಳ್ಳುತ್ತಿತ್ತು. ರೀಲಿನ ಡಬ್ಬಿಯ ಮೇಲಿನ ಕಪ್ಪು ಬಿಳಿ ಚೌಕಗಳನ್ನು ಮುಟ್ಟಿ ನೋಡಿ ಅದು ಎಷ್ಟು ಬೆಳಕು ಬೇಡುವ ರೀಲು ಎಂದು ತಿಳಿದುಕೊಳ್ಳುತ್ತಿತ್ತು. ಮೇಲೆ ಎಡಗಡೆ ಒಂದು ತಿರುಗಣಿ; ಅದರ ಮೇಲೆ ಮುಖ, ಗುಡ್ಡ, ಓಡುವ ಮನುಷ್ಯ, ಹೂವು ಹೀಗೆ ಸಣ್ಣ ಚಿತ್ರಗಳು. ಬಲಗಡೆಯ ಪುಟ್ಟ ಕಿಟಕಿಯಲ್ಲಿ ಎಷ್ಟನೆಯ ಫೋಟೊ ಎಂಬ ಅಂಕಿ.

ಇವೆಲ್ಲಕ್ಕಿಂತ ನನ್ನನ್ನು ಮರುಳು ಮಾಡಿದ್ದು ಅದರ ಫೋಕಸ್ಸು. ಬಟನ್ನನ್ನು ಅರ್ಧ ಒತ್ತಬೇಕು. ಲೆನ್ಸು ತಾನಾಗಿ ಅತ್ತ ಇತ್ತ ತಿರುಗಿ ನಿಲ್ಲುತ್ತಿತ್ತು, ಕೀಂ ಎಂದು ಒಂದು ಸಣ್ಣ ಸದ್ದು ಬರುತ್ತಿತ್ತು, ಕಣ್ಣಿಟ್ಟು ನೋಡುವ ಕಿಂಡಿಯ ಕೆಳಗೆ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಪೂರ್ತಿ ಒತ್ತುವುದು. ಆ ಕಿಂಡಿಯ ನಟ್ಟನಡುವೆ ಎರಡು ಸಣ್ಣ ಕಂಸಗಳ ಗುರುತಿತ್ತು. ಆ ಕಂಸದೊಳಗೆ ಏನು ಬೀಳುತ್ತದೋ ಅದನ್ನು ಮಾತ್ರ ಕ್ಯಾಮೆರಾ ನೋಡುತ್ತಿತ್ತು. ಜೊತೆಗೆ ಬಂದ ಇಂಗ್ಲಿಷಿನ ಸಣ್ಣ ಪುಸ್ತಕದಲ್ಲಿ ಫ್ಲ್ಯಾಶಿನ ಪಾಠ ಓದಿದೆ, ಹತ್ತು ಸೆಕೆಂಡು ಬಿಟ್ಟು ತಾನೇ ತೆಗೆದುಕೊಳ್ಳುವುದರ ಪಾಠ ಓದಿದೆ. ಉಳಿದ ಹಾಳೆಗಳನ್ನು ತಿರುವಿ ಹಾಕಿ ಮುಚ್ಚಿಟ್ಟೆ.

ನಮ್ಮ ಮನೆಯ ಕಾರ್ಯಗಳಿಗೆಲ್ಲ ಫೋಟೊ ತೆಗೆಯುತ್ತಿದ್ದವರು ಧಾರವಾಡದಲ್ಲಿ ಸ್ಟುಡಿಯೊ ಇಟ್ಟಿದ್ದ ಒಬ್ಬ ಹಿರಿಯರು. ಕಾಕಾ ಎಂದೇ ಕರೆಯುತ್ತಿದ್ದೆವು. ಅವರದು ಲೆನ್ಸಿನ ಬಳೆಯನ್ನು ಬೆರಳಲ್ಲಿ ತಿರುವಿ ಫೋಕಸ್ ಮಾಡುವ ಹಳೆಯ ಕ್ಯಾಮೆರಾ. ತಂಗಿಯ ಕುಬಸ ಗೊತ್ತಾದಾಗ, ಬಸುರಿಯನ್ನು ಕೂರಿಸಿ ಉಡಿ ತುಂಬುವ ಆ ದಿನದ ಫೋಟೊ ನಾನೇ ತೆಗೆಯುತ್ತೇನೆ, ನೀವು ಬೆಂಗೇರಿಯವರೆಗೆ ಬರುವ ತ್ರಾಸು ಬೇಡ ಎಂದು ಅವರಿಗೆ ಹೇಳಿ ಬರಲು ಹೋದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಕ್ಯಾಮೆರಾ ತೆಗೆದುಕೊಂಡು ಕಣ್ಣಿಗೆ ಹಿಡಿದು, ಅರ್ಧ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು.

"ಇದು ಯಾರನ್ನ ನೋಡಾಕತ್ತೈತಿ ಅನ್ನೂದು ಇದಕ್ಕಷ್ಟ ಗೊತ್ತು ನೋಡಪಾ," ಎಂದರು. ನಾನು ನಕ್ಕೆ.

ಕುಬಸ ಬೆಂಗೇರಿಯ ಮನೆಯ ಪಡಸಾಲೆಯಲ್ಲಿ. ರಂಗೋಲಿ ಹಾಕಿ ಎರಡು ಮಣೆ ಇಟ್ಟಿದ್ದರು. ಹೆಂಗಸರು ಹಿಂದಿನಿಂದ ಸುತ್ತಿ ಬರಲೆಂದು ಮಣೆಗಳಿಗೂ ಗೋಡೆಗೂ ಎರಡು ಮೊಳಕ್ಕಿಂತ ಹೆಚ್ಚು ಜಾಗ ಬಿಟ್ಟಿದ್ದರು. ಆ ಗೋಡೆಗೆ ತಂಗಿಯೇ ಕಸೂತಿ ಹಾಕುತ್ತಿದ್ದ ಒಂದು ಬಟ್ಟೆಯನ್ನು ಕಟ್ಟಿದ್ದರು. ಕಡುನೀಲಿ ಬಟ್ಟೆ, ಕೂತವರ ತಲೆಯ ಮಟ್ಟಕ್ಕೆ ಬರುವಷ್ಟು. ಹುಟ್ಟುವ ಕೂಸಿನ ತೊಟ್ಟಿಲಿಗೆ ಹೊದಿಸಲು ಎಂದು ಶುರುಮಾಡಿದ್ದಳು, ಇನ್ನೂ ಮುಗಿದಿರಲಿಲ್ಲ. ಮುಗಿಯದ್ದನ್ನು ಯಾಕೆ ಕಟ್ಟುತ್ತೀರಿ ಎಂದು ಅವಳು ನಾಚಿಕೊಂಡದ್ದನ್ನೂ, ಅವ್ವ ಕೇಳದೆ ಕಟ್ಟಿಸಿದ್ದನ್ನೂ ನಾನು ಕಂಡಿದ್ದೆ. ಬಟ್ಟೆಯಲ್ಲಿ ಏನೇನಿತ್ತು ಎಂದು ಮಾತ್ರ ನೋಡಲಿಲ್ಲ.

ತಂಗಿ ಮತ್ತು ಅವಳ ಗಂಡ, ನಾನು ಭಾವ ಎನ್ನುತ್ತಿದ್ದವರು, ಮಣೆಯ ಮೇಲೆ ಕೂತರು. ನಮ್ಮ ಕಡೆ ಹಿರಿಯರ ಎದುರು ಗಂಡ ಹೆಂಡತಿ ಒಬ್ಬರಿಗೊಬ್ಬರು ತಾಗಿ ಕೂರುವುದಿಲ್ಲ. ಇವರ ನಡುವೆಯೂ ಒಂದು ಗೇಣು ಜಾಗವಿತ್ತು. ಭಾವನ ಮನೆಯ ವಯಸ್ಸಾದ ಅತ್ತೆಯೊಬ್ಬಳು ಬಾಯಿ ಬಿಟ್ಟು ಅಂದೇಬಿಟ್ಟಳು: "ಅಷ್ಟ್ಯಾಕ ದೂರ ಕುಂತೀರಿ, ನಡುವ ಎಮ್ಮಿ ಹಾಯಬೇಕೇನು?"

ಎಲ್ಲರೂ ನಕ್ಕರು. ಭಾವ ನಾಚಿ ಇನ್ನಷ್ಟು ಆಚೆಗೆ ಸರಿದರು. ತಂಗಿ ತಲೆ ತಗ್ಗಿಸಿ, ನಗು ತಡೆಯಲು ಸೆರಗನ್ನು ತುಟಿಗೆ ಒತ್ತಿಕೊಂಡಳು. ಆ ಕ್ಷಣ ಕಾಕಾ ಇದ್ದಿದ್ದರೆ, ಹೊಂದಿ ಕೂತುಕೊಳ್ಳಿ ಎಂದು ಗದರಿಸುತ್ತಿದ್ದರು. ಫೋಟೊದವರು ಹಾಗೆ ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಅಣ್ಣ. ಗಂಡನಿಗೆ ಹತ್ತಿರ ಸರಿದು ಕೂತುಕೋ ಎಂದು ಒಡಹುಟ್ಟಿದವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ದೂರ ನಿಂತು, ಲೆನ್ಸಿನಿಂದ ಅವರನ್ನು ಹತ್ತಿರಕ್ಕೆ ಎಳೆದುಕೊಂಡೆ. ಇಬ್ಬರೂ ಸರಿಸಮನಾಗಿ ಬರಲೆಂದು ಅಳತೆ ನೋಡಿದೆ. ಅದು ನನ್ನ ಕಚೇರಿಯ ಅಭ್ಯಾಸ. ಇಬ್ಬರ ನಡುವಿನ ಜಾಗ ಚಿತ್ರದ ನಟ್ಟನಡುವೆ ಬಂತು. ಅರ್ಧ ಒತ್ತಿದೆ. ಕೀಂ ಎಂದಿತು. ಹಸಿರು ಚುಕ್ಕೆ ಬಂತು. ಪೂರ್ತಿ ಒತ್ತಿದೆ. ಹೀಗೆ ಐದು ಸಲ. ಐದು ಸಲವೂ ಹಸಿರು ಚುಕ್ಕೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಹೆಂಗಸರು ಉಡಿ ತುಂಬಿದರು. ಅವಳು ಯಾರದೋ ಬೆನ್ನು, ಯಾರದೋ ಕೈ, ಆರತಿಯ ತಟ್ಟೆಗಳ ಹಿಂದೆ ಮರೆಯಾಗಿದ್ದಳು. ನಡುವೆ ಒಮ್ಮೆ ನನ್ನನ್ನು ಕಣ್ಣಿನಿಂದಲೇ ಕರೆದಳು.

"ಅಣ್ಣಾ, ನಂದೊಬ್ಬಾಕಿದು ಒಂದ ತಗಿ. ಹೊಟ್ಟಿ ಕಾಣೂಹಂಗ ತಗಿ. ಹುಟ್ಟಿದ ಮ್ಯಾಲೆ ಅದಕ್ಕ ತೋರಸ್ತೇನಿ."

ಹಿರಿಯರದು ಮುಗಿಯಲಿ, ಆಮೇಲೆ ತೆಗೆಯುತ್ತೇನೆ ಎಂದೆ. ಅವಳ ಮಾವನ ಕಡೆಯವರು ಸಾಲಾಗಿ ನಿಲ್ಲಲು ಕಾಯುತ್ತಿದ್ದರು. ಅವರನ್ನು ಎರಡು ಗುಂಪು ಮಾಡಿ ತೆಗೆದೆ. ಆಮೇಲೆ ಅವಳ ಕಡೆ ತಿರುಗಿದೆ. ಅವಳು ಸೆರಗು ಸರಿಮಾಡಿಕೊಂಡು, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿದ್ದಳು. ಅಷ್ಟರಲ್ಲಿ ಕ್ಯಾಮೆರಾ ನನ್ನ ಕೈಯಲ್ಲೇ ಗುರ್ ಎಂದು ಸದ್ದು ಮಾಡತೊಡಗಿತು. ಮೂವತ್ತಾರೂ ಮುಗಿದಿದ್ದವು. ಮೋಟರು ರೀಲನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು, ಕಿಟಕಿಯ ಅಂಕಿ ಒಂದೊಂದಾಗಿ ಇಳಿಯುತ್ತಿತ್ತು. ಇನ್ನೊಂದು ರೀಲು ನನ್ನ ಹತ್ತಿರ ಇರಲಿಲ್ಲ.

"ಇರ್ಲಿ ಬಿಡಣ್ಣಾ," ಎಂದಳು. "ತೌರಿಗೆ ಬಂದಾಗ ತಗದರಾತು. ಆವಾಗ ಇನ್ನೂ ದೊಡ್ಡಾಕಿ ಆಗಿರ್ತೇನಿ."

ಎಂಟು ದಿನದ ನಂತರ ಹುಬ್ಬಳ್ಳಿಯ ಲ್ಯಾಬಿನಿಂದ ಪ್ರಿಂಟುಗಳನ್ನು ತಂದೆ. ಬಸ್ಸಿನಲ್ಲಿ ಕೂತೇ ಲಕೋಟೆ ಬಿಚ್ಚಿದೆ. ಹಿರಿಯರ ಗುಂಪುಗಳು ಸ್ಪಷ್ಟವಾಗಿದ್ದವು, ಅತ್ತೆಯ ಮೂಗುತಿಯ ಹರಳು ಕೂಡ. ಜೋಡಿಯ ಐದರಲ್ಲಿ ಮಾತ್ರ ತಂಗಿಯೂ ಭಾವನೂ ಮಸುಕಾಗಿದ್ದರು. ಮುಖ ಅಳಿಸಿಹೋಗಿದೆ ಎಂದಲ್ಲ. ಅವಳೇ ಎಂದು ತಿಳಿಯುತ್ತದೆ. ನಗುತ್ತಿದ್ದಾಳೆಯೇ, ಎಲ್ಲಿ ನೋಡುತ್ತಿದ್ದಾಳೆ ಎಂದು ತಿಳಿಯುವುದಿಲ್ಲ. ಇಬ್ಬರ ನಡುವಿನ ಗೇಣು ಜಾಗದಲ್ಲಿ, ಹಿಂದಿನ ಗೋಡೆಗೆ ಕಟ್ಟಿದ್ದ ನೀಲಿ ಬಟ್ಟೆಯ ಒಂದೊಂದು ಹೊಲಿಗೆಯೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಮನೆಗೆ ಬಂದು ಆ ಪುಸ್ತಕ ತೆಗೆದೆ. ನಾನು ತಿರುವಿ ಹಾಕಿದ್ದ ಹಾಳೆಗಳಲ್ಲಿ ಒಂದರ ಮೇಲೆ ಒಂದು ಚಿತ್ರವಿತ್ತು: ಪಕ್ಕಪಕ್ಕ ನಿಂತ ಇಬ್ಬರು, ನಡುವೆ ಖಾಲಿ ಜಾಗ, ಆ ಜಾಗದ ಮೇಲೆ ಎರಡು ಕಂಸಗಳು. ಕೆಳಗೆ ಮೂರು ಸಾಲು. ಕಂಸವನ್ನು ಮೊದಲು ಒಬ್ಬರ ಮುಖದ ಮೇಲೆ ತರಬೇಕು, ಅರ್ಧ ಒತ್ತಿ ಬೆರಳು ಬಿಡದೆ ಹಿಡಿಯಬೇಕು, ಹಾಗೇ ಹಿಡಿದುಕೊಂಡು ಕ್ಯಾಮೆರಾವನ್ನು ಮತ್ತೆ ನಡುವೆ ತಂದು ಪೂರ್ತಿ ಒತ್ತಬೇಕು. ಅಷ್ಟೇ.

ತೌರಿಗೆ ಬಂದಾಗ ಸರಿಯಾಗಿ ತೆಗೆಯುತ್ತೇನೆ ಎಂದುಕೊಂಡೆ. ಹೊಸ ರೀಲು ತಂದು ಹಾಕಿಟ್ಟೆ. ಅವ್ವ ಕೇಳಿದಾಗ ಇನ್ನೂ ತೊಳೆದು ಬಂದಿಲ್ಲ ಎಂದೆ.

ಅವಳು ತೌರಿಗೆ ಬರಲಿಲ್ಲ. ಎಂಟು ತಿಂಗಳು ತುಂಬುವ ಮೊದಲೇ ನೋವು ಬಂತು. ಕೂಸು ಉಳಿಯಿತು. ತಂಗಿಗೆ ರಕ್ತ ನಿಲ್ಲಲಿಲ್ಲ. ನಾನೂ ಅವ್ವನೂ ಧಾರವಾಡದಿಂದ ಹೋಗಿ ತಲುಪುವ ಹೊತ್ತಿಗೆ ಮುಗಿದಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅವಳನ್ನು ಅದೇ ಪಡಸಾಲೆಯಲ್ಲಿ, ಅದೇ ಗೋಡೆಗೆ ಆನಿಸಿ ಕೂರಿಸಿದರು. ವಿಭೂತಿ ಹಚ್ಚಿ, ಹೂವು ಹಾಕಿ, ಆ ನೀಲಿ ಬಟ್ಟೆಯನ್ನೇ ಹೊದಿಸಿದರು. ಸತ್ತವರ ಒಂದು ಫೋಟೊ ಇಟ್ಟುಕೊಳ್ಳುವ ರೂಢಿಯೂ ನಮ್ಮಲ್ಲಿ ಇದೆ. ನಿಮ್ಮ ಹತ್ತಿರ ಕ್ಯಾಮೆರಾ ಇದೆಯಲ್ಲ ಎಂದು ಹಿರಿಯರೊಬ್ಬರು ಹೇಳಿದರು. ಬೆಂಗೇರಿಗೆ ಹೋಗುವಾಗಲೆಲ್ಲ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ, ಅಂದೂ ಇತ್ತು.

ಕಣ್ಣಿಗೆ ಹಿಡಿದೆ. ಈ ಸಲ ಚಿತ್ರದಲ್ಲಿ ಅವಳೊಬ್ಬಳೇ. ಎರಡು ಕಂಸಗಳ ನಡುವೆ ಅವಳ ಮುಖ ಬಂತು. ಅರ್ಧ ಒತ್ತಿದೆ. ಲೆನ್ಸು ಹುಡುಕಾಡಲೇ ಇಲ್ಲ. ಕೀಂ ಎಂದಿತು. ಆ ಸದ್ದಿಗೆ ಪಡಸಾಲೆಯಲ್ಲಿ ಅಳುತ್ತಿದ್ದವರಲ್ಲಿ ಒಂದಿಬ್ಬರು ತಲೆ ಎತ್ತಿ ನನ್ನನ್ನು ನೋಡಿದರು. ಹಸಿರು ಚುಕ್ಕೆ ಬಂತು. ನಾನು ಒತ್ತಿದೆ.

ಆ ಒಂದೇ ಫೋಟೊ ಇರುವ ರೀಲನ್ನು ಮರುದಿನ ಹಿಂದಕ್ಕೆ ಸುತ್ತಿಸಿ ಹೊರತೆಗೆದೆ. ತೊಳೆಸಲಿಲ್ಲ. ಒಂಬತ್ತನೆಯ ದಿನ ಅವ್ವ ಕುಬಸದ ಫೋಟೊಗಳನ್ನೂ ಸಾವಿನ ದಿನದ್ದನ್ನೂ ಕೇಳಿದಳು. ಕ್ಯಾಮೆರಾದ ಹಿಂದಿನ ಬಾಗಿಲು ಸಡಿಲವಿತ್ತು, ಬೆಳಕು ಬಿದ್ದು ಎರಡೂ ರೀಲು ಹಾಳಾದವು ಎಂದೆ. ಅವಳು ನನ್ನನ್ನು ಬೈಯಲಿಲ್ಲ, ಕ್ಯಾಮೆರಾವನ್ನು ಬೈದಳು. ಅದನ್ನು ಅಟ್ಟದ ಮೇಲೆ ಹಾಕಿಸಿದಳು. ಕ್ಯಾಮೆರಾದ ಬಾಗಿಲು ಗಟ್ಟಿಯಾಗಿಯೇ ಇತ್ತು.

ಕಾಕಾ ಒಬ್ಬರಿಗೆ ಮಾತ್ರ ಕುಬಸದ ಆ ಐದರ ನೆಗೆಟಿವ್ ತೋರಿಸಿದೆ. ಬೆಳಕಿಗೆ ಹಿಡಿದು, ನೆಗೆಟಿವ್ ನೋಡುವ ತಮ್ಮ ಭೂತಗನ್ನಡಿ ಇಟ್ಟು, ಐದನ್ನೂ ನಿಧಾನವಾಗಿ ನೋಡಿದರು. ಸರಿಮಾಡಲು ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ ಎಂದರು. "ಮಶೀನಿನ ತಪ್ಪಲ್ಲೋ ತಮ್ಮಾ. ನೀ ನಡುವ ನೋಡು ಅಂದಿ, ಅದು ನಡುವ ನೋಡೇತಿ." ಹೊರಡುವಾಗ ಆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಯಾಕೆ ಕೊಟ್ಟರೋ ನಾನು ಕೇಳಲಿಲ್ಲ.

ಕೂಸು ನಮ್ಮ ಮನೆಯಲ್ಲೇ ಬೆಳೆಯಿತು. ಭಾವ ಎರಡನೆಯ ಮದುವೆ ಮಾಡಿಕೊಂಡರು. ಹಬ್ಬಕ್ಕೆ ಬಂದು ಮಗಳನ್ನು ಬೆಂಗೇರಿಗೆ ಕರೆದುಕೊಂಡು ಹೋಗಿ ಮತ್ತೆ ತಂದು ಬಿಡುತ್ತಿದ್ದರು. ತಾಯಿಯ ಮುಖ ಅವಳಿಗೆ ಗೊತ್ತಿಲ್ಲ ಎಂದಲ್ಲ. ಕಾಕಾ ತೆಗೆದ ಮದುವೆಯ ಆಲ್ಬಮ್ಮಿನಲ್ಲಿ ತಾಯಿ ಇದ್ದಳು, ಬಾಸಿಂಗದ ಕೆಳಗೆ, ಕಣ್ಣು ತಗ್ಗಿಸಿಕೊಂಡು. ಮಗಳಿಗೆ ಹನ್ನೊಂದು ವರ್ಷವಾದಾಗ, ಒಂದು ದೀಪಾವಳಿಗೆ ಹೋಗಿ ಬಂದವಳು ನೇರವಾಗಿ ನಾನು ಕೂತಲ್ಲಿಗೆ ಬಂದಳು. ಎಮ್ಮೆಯ ಮಾತಾಡಿದ ಆ ಅತ್ತೆ ಏನೋ ಹೇಳಿದ್ದಳಂತೆ.

"ಮಾಮಾ, ನಾ ಅವ್ವನ ಹೊಟ್ಟ್ಯಾಗ ಇದ್ದಾಗ ನೀ ಫೋಟೊ ತಗದಿದ್ದ್ಯಂತ. ಖರೇನು?"

ಬೆಳಕು ಬಿತ್ತು ಎಂಬ ಮಾತು ಬಾಯಿಗೆ ಬಂದಿತ್ತು. ಹನ್ನೊಂದು ವರ್ಷ ಹೇಳಿ ರೂಢಿಯಾಗಿತ್ತು. ಆದರೆ ಅವಳು ಕೇಳಿದ್ದು ಹಾಳಾಯಿತೇ ಎಂದಲ್ಲ, ತೆಗೆದಿದ್ದೆಯಾ ಎಂದು. ತೆಗೆದಿದ್ದೆ ಎಂದೆ. ಆಮೇಲೆ ನಿಲ್ಲಿಸಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ: ಕಂಸ, ಹಸಿರು ಚುಕ್ಕೆ, ಗೇಣು ಜಾಗ, ಅವಳ ತಾಯಿ ಕೇಳಿದ ಒಂದು ಫೋಟೊ, ಮೂವತ್ತಾರು ಮುಗಿದದ್ದು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಟ್ರಂಕಿನ ತಳದಿಂದ ಲಕೋಟೆ ತಂದು ಐದು ಫೋಟೊಗಳನ್ನು ಮಗುವಿನ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಮೊದಲು ತಾಯಿಯ ಮುಖ. ಫೋಟೊವನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ನಾನು ಬಸ್ಸಿನಲ್ಲಿ ಹಾಗೆಯೇ ಮಾಡಿದ್ದೆ. ಆಮೇಲೆ ಮಸುಕಾದ ಹಸಿರು ಸೀರೆಯ ಮೇಲೆ ಬೆರಳಿಟ್ಟು, ಇದು ನಾನೇನು ಎಂದು ಕೇಳಿದಳು. ಹೌದು ಎಂದೆ.

ಹಿಂದಿನ ಬಟ್ಟೆ ಯಾರದೆಂದು ಕೇಳಿದಳು. ನಿನ್ನ ತೊಟ್ಟಿಲಿಗೆ ಎಂದು ನಿಮ್ಮವ್ವ ಹಾಕುತ್ತಿದ್ದಳು ಎಂದೆ. ಅದು ಈಗ ಎಲ್ಲಿದೆ ಎಂದಳು. ಅವಳ ಜೊತೆಗೇ ಹೋಯಿತು ಎಂದೆ. ಕಾಕಾ ಕೊಟ್ಟ ಭೂತಗನ್ನಡಿ ತಂದುಕೊಟ್ಟೆ. ಅದನ್ನು ಫೋಟೊದ ಮೇಲಿಟ್ಟು ಬಾಗಿದಳು. ಕೆಂಪು ದಾರದ ಅರ್ಧ ನವಿಲು, ಅದರ ಕೆಳಗೆ ಹಳದಿ ದಾರದ ಮೆಟ್ಟಿಲು ಮೆಟ್ಟಿಲಾದ ಸಾಲು. ಆ ಸಾಲು ನಿಂತ ಕಡೆ ಬಟ್ಟೆಗೆ ಚುಚ್ಚಿಟ್ಟ ಸೂಜಿ, ಫ್ಲ್ಯಾಶಿನ ಬೆಳಕಿಗೆ ಹೊಳೆದದ್ದು. ಅಷ್ಟು ವರ್ಷ ನಾನು ಆ ಫೋಟೊಗಳನ್ನು ಎಷ್ಟೋ ಸಲ ನೋಡಿದ್ದೆ, ಸೂಜಿಯನ್ನು ನೋಡಿರಲಿಲ್ಲ.

ನನ್ನ ಕಚೇರಿಯ ಚೌಕುಳಿ ಹಾಳೆ ಬೇಕೆಂದಳು. ಹೊಲಿಗೆಗಳನ್ನು ಒಂದೊಂದಾಗಿ ಎಣಿಸಿ ಅವಳು ಹೇಳುತ್ತ ಹೋದಳು, ನಾನು ಪೆನ್ಸಿಲಿನಿಂದ ಹಾಳೆಗೆ ಇಳಿಸಿದೆ. ಐದು ಫೋಟೊಗಳಲ್ಲಿ ಅವರಿಬ್ಬರೂ ಕೂದಲೆಳೆಯಷ್ಟು ಅತ್ತ ಇತ್ತ ಸರಿದಿದ್ದರಿಂದ, ಒಂದರಲ್ಲಿ ಮರೆಯಾದ ಒಂದೆರಡು ಹೊಲಿಗೆ ಇನ್ನೊಂದರಲ್ಲಿ ಸಿಗುತ್ತಿತ್ತು. ಗೇಣು ಅಗಲದ ಪಟ್ಟಿಯೊಂದು ಹಾಳೆಯ ನಡುವೆ ಮೂಡಿತು. ಎಡಗಡೆ ನವಿಲಿನ ಕುತ್ತಿಗೆ ತಂಗಿಯ ಹೆಗಲಿನ ಮಸುಕಿಗೆ ಬಂದು ನಿಂತಿತ್ತು.

"ಈ ಕಡೆ, ಅವ್ವನ ಹಿಂದ, ಏನಿತ್ತು ಮಾಮಾ?"

ಆ ಬಟ್ಟೆಯನ್ನು ಕಟ್ಟುವಾಗ ಒಂದು ತುದಿ ಹಿಡಿದಿದ್ದವನು ನಾನು. ತಂಗಿಗೆ ಅದನ್ನು ಹೊದಿಸಿದಾಗ ಎದುರಿಗೆ ನಿಂತು ಕಣ್ಣಿಟ್ಟು ನೋಡಿದವನೂ ನಾನು. ಅವಳು ಹಾಳೆಯ ಖಾಲಿ ಚೌಕಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.

ನೋಡಲಿಲ್ಲ ಎಂದೆ.