ಆರನೆಯ ದೋಣಿಯ ಟಿಕ್

ದೊರೆರಾಜ್ ಆ ದಿನ ನನ್ನನ್ನು ಕೇಳಿದ್ದರು. ದೋಣಿಯ ಮಾಸ್ಟ್ ಕಂಬ ಎತ್ತಿ ನಿಲ್ಲಿಸಿ ಇನ್ನೊಂದು ಸಲ ಪರೀಕ್ಷೆ ಮಾಡೋಣ ಎಂದು ಬಾಯಿಬಿಟ್ಟು ಕೇಳಿದ್ದರು. ನಾನು ಬೇಡ ಎಂದೆ. ಮಾಡದ ಪರೀಕ್ಷೆಯನ್ನು ಮಾಡಿದ್ದೇವೆ ಎಂದು, ಅವರ ಸಹಿ ಇದ್ದ ಹಾಳೆಯ ಮೇಲೆ ನನ್ನ ಕೈಯಾರೆ ಟಿಕ್ ಹಾಕಿದೆ. ಅದರಿಂದ ಒಬ್ಬ ಮನುಷ್ಯನಿಗೆ ಪೆಟ್ಟಾದಾಗ, ತಪ್ಪು ದೊರೆರಾಜ್ ಅವರದೇ ಎಂದು ಎಲ್ಲರೂ ನಂಬುವ ಹಾಗೆ ಮಾತಾಡಿದೆ. ಇದಾಗಿ ಎಂಟು ವರ್ಷ.

ಇನ್ನೊಂದನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು — ಈ ಎಂಟು ವರ್ಷ ನಾನು ಕೊರಗಲಿಲ್ಲ. ಹಾಸಿಗೆಯಲ್ಲಿ ಹೊರಳಾಡಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಡಿಕಾಕ್ಷನ್ ಇಳಿಸಿ, ಮನೆ ಮುಂದಿನ ಕಾರಿಡಾರಿನ ಕರಿಬೇವಿನ ಕುಂಡಗಳಿಗೆ ನೀರು ಹಾಕಿ, ಗಂಡನಿಗೂ ಮಗಳಿಗೂ ಡಬ್ಬಿ ಕಟ್ಟಿ, ನನ್ನ ಬಸ್ಸು ಹಿಡಿದೆ. ಸುಖವಾಗಿದ್ದೆ. ಈಗಲೂ ಸುಖವಾಗಿಯೇ ಇದ್ದೇನೆ. ತಪ್ಪು ಮಾಡಿದವರನ್ನು ಮನಸ್ಸು ಚುಚ್ಚುತ್ತದೆ ಎನ್ನುತ್ತಾರೆ. ನನ್ನನ್ನು ಚುಚ್ಚಲಿಲ್ಲ. ಇದು ತಪ್ಪಿಗಿಂತ ಸಣ್ಣದೋ ದೊಡ್ಡದೋ — ನನಗೆ ಗೊತ್ತಾಗುವುದಿಲ್ಲ.

ನಾನು ಕೆಲಸ ಮಾಡುವುದು ನಾವು ಬಂದು ನೆಲೆಸಿದ ಈ ಹೊರದೇಶದಲ್ಲಿ, ಬುಕಿತ್ ಬಾಟೋಕ್‌ನ ಕೈಗಾರಿಕಾ ಪ್ರದೇಶದಲ್ಲಿ ದೋಣಿಗಳಿಗೆ ಸಲಕರಣೆ ಕೂರಿಸುವ ಒಂದು ಸಣ್ಣ ಕಂಪನಿಯಲ್ಲಿ. ಕೆಲಸ ಸರಿಯಾಗಿ ಆಗಿದೆಯೇ ಎಂದು ನೋಡಿ, ಚೆಕ್ ಶೀಟಿನಲ್ಲಿ ಗುರುತು ಹಾಕಿ ಫೈಲ್ ಮಾಡುವುದು ನನ್ನ ಪಾಲಿನದು. ಎಂಟು ವರ್ಷದ ಹಿಂದೆ ಒಂದು ಪುಟ್ಟ ದ್ವೀಪ ದೇಶದ ನೌಕಾಪಡೆ ಆರು ಗಸ್ತು ದೋಣಿಗಳಿಗೆ ಗನ್ ಕೂರಿಸಿಕೊಡಿ ಎಂದು ಬಂತು. ಅವರ ಮೀನನ್ನು ಹೊರಗಿನ ದೊಡ್ಡ ದೋಣಿಗಳು ಬಂದು ಬಾಚಿಕೊಂಡು ಹೋಗುತ್ತಿದ್ದವು. ಅಟ್ಟಲು ಹೋದವರ ಕೈಯಲ್ಲಿ ಮೆಗಾಫೋನ್ ಬಿಟ್ಟರೆ ಏನೂ ಇರಲಿಲ್ಲ. ಮೊದಲು ಅವರು ಕೇಳಿದ್ದು ಒಳಗೆ ಕೂತು ಪರದೆ ನೋಡಿಕೊಂಡು ತಿರುಗಿಸುವ ಗನ್. ಬೆಲೆ ಕೇಳಿದ ಮೇಲೆ ಅವರ ಲೆಫ್ಟಿನೆಂಟ್, "ನಮ್ಮ ಹಳೇ ಹಡಗಿನ ಗನ್‌ಗಳಿವೆ, ಅವನ್ನೇ ಕೂರಿಸಿದರೆ?" ಎಂದರು. ಗ್ರೀಸ್ ಮೆತ್ತಿ ಗೋಣಿಯಲ್ಲಿ ಸುತ್ತಿದ ಗನ್‌ಗಳು ಮರದ ಪೆಟ್ಟಿಗೆಗಳಲ್ಲಿ ಬಂದವು. ಮದ್ದುಗುಂಡಿನ ಪೆಟ್ಟಿಗೆಯನ್ನು ನಾವು ಹೋಟೆಲುಗಳಿಗೆ ಅಡುಗೆಮನೆ ಕಪಾಟು ಮಾಡುವವರ ಕೈಲಿ ಮಾಡಿಸಿದೆವು. ಚೆನ್ನಾಗಿಯೇ ಬಂತು.

ದುಬಾರಿ ಗನ್ ತನ್ನದೇ ದೋಣಿಯ ಕಡೆ ತಿರುಗಿದರೆ ತಾನೇ ಗುಂಡು ನಿಲ್ಲಿಸುತ್ತದೆ. ಕೈಯಲ್ಲಿ ತಿರುಗಿಸುವ ನಮ್ಮ ಗನ್ನಿಗೆ ಆ ಬುದ್ಧಿ ಇಲ್ಲ. ಅದರ ಪೀಠಕ್ಕೆ ಕಬ್ಬಿಣದ ತಡೆಗಳನ್ನು ಬೆಸುಗೆ ಹಾಕಬೇಕು. ಇಲ್ಲಿಯವರೆಗೆ ತಿರುಗು, ಇದರಾಚೆ ಬೇಡ. ಆ ತಡೆ ಎಲ್ಲಿ ಬರಬೇಕು ಎಂದು ಗೊತ್ತುಮಾಡುವುದು ದೊರೆರಾಜ್ ಅವರ ಕೆಲಸ.

ದೊರೆರಾಜ್ ಕೋಲಾರದ ಚಿನ್ನದ ಗಣಿ ಊರಿನವರು. ಅವರ ತಂದೆ ಗಣಿಯ ವರ್ಕ್‌ಶಾಪಿನಲ್ಲಿದ್ದರಂತೆ. ನನಗಿಂತ ಆರೇಳು ವರ್ಷ ಚಿಕ್ಕವರು. ಬಾಸ್ ಎದುರಿಗೆ ನನ್ನನ್ನು ಮೇಡಂ ಎನ್ನುವರು, ಇಬ್ಬರೇ ಇದ್ದಾಗ ವತ್ಸಲಕ್ಕ. ಅವರ ವಿಧಾನ ನೋಡಿ ನಾನು ಮೊದಲ ದಿನ ನಕ್ಕುಬಿಟ್ಟಿದ್ದೆ. ಇಲ್ಲಿನ ಫ್ಲಾಟುಗಳ ಕಿಟಕಿಯಾಚೆ ಬಟ್ಟೆ ಒಣಹಾಕಲು ಚಾಚುವ ಬಿದಿರಿನ ಕೋಲು ಇದೆಯಲ್ಲ, ಅಂಥದೊಂದನ್ನು ತಂದು ಗನ್ನಿನ ನಳಿಕೆಗೆ ನೇರವಾಗಿ ಕಟ್ಟಿ ಸುತ್ತಲೂ, ಮೇಲೂ ಕೆಳಗೂ ನಿಧಾನವಾಗಿ ತಿರುಗಿಸುವರು. ಗುಂಡು ಹೋಗುವ ದಾರಿಯಲ್ಲಿ ಕೋಲು ಹೋಗುತ್ತದೆ. ದೋಣಿಯ ಯಾವ ಭಾಗಕ್ಕೆ ತಾಗಿತೋ ಅಲ್ಲಿಗೆ ಸೀಮೆಸುಣ್ಣದ ಗೆರೆ. ಗೆರೆಗಿಂತ ಒಂದು ಗೇಣು ಹಿಂದಕ್ಕೆ ತಡೆ.

ಲೆಫ್ಟಿನೆಂಟ್ ನೋಡಲು ಬಂದವರು, "ಇದೇನಾ ನಿಮ್ಮ ಲೇಸರ್?" ಎಂದಿದ್ದರು.

"ಹೌದು ಸರ್, ಬ್ಯಾಂಬೂ ಲೇಸರ್. ಬ್ಯಾಟರಿ ಬೇಡ, ಬಟ್ಟೇನೂ ಒಣಗಿಸ್ಬೋದು," ಎಂದರು ದೊರೆರಾಜ್.

ಪ್ರತಿ ದೋಣಿಗೂ ಎರಡು ಸಲ ಕೋಲು ತಿರುಗಿಸಬೇಕು. ರಡಾರು, ದೀಪ ಹೊತ್ತ ಮಾಸ್ಟ್ ಕಂಬವನ್ನು ಮಡಚಿ ಮಲಗಿಸಿದಾಗ ಒಂದು ಸಲ, ಎತ್ತಿ ನಿಲ್ಲಿಸಿದಾಗ ಒಂದು ಸಲ. ಶೀಟಿನಲ್ಲಿ ಎರಡಕ್ಕೂ ಬೇರೆ ಬೇರೆ ಸಾಲು. ಕೆಳಗೆ ದೊರೆರಾಜ್ ಸಹಿ.

ಆ ಸಹಿಯ ವಿಷಯ. ನನಗೆ ಕಾಗದ ಕೊಳೆಯಾಗುವುದು ಆಗುವುದಿಲ್ಲ. ಗ್ರೀಸ್ ಬೆರಳಿನ ಗುರುತು ಬಿದ್ದ ಶೀಟನ್ನು ನೌಕಾಪಡೆಗೆ ಹೇಗೆ ಕಳಿಸುವುದು? ಹಾಗಾಗಿ ನಾನೇ ಒಂದು ಪದ್ಧತಿ ಮಾಡಿದ್ದೆ. ಬೆಳಿಗ್ಗೆ ಕೈ ಶುಚಿಯಾಗಿರುವಾಗಲೇ ದೊರೆರಾಜ್ ಆ ದಿನದ ಹಾಳೆಗಳಿಗೆಲ್ಲ ಸಹಿ ಹಾಕಿಡಬೇಕು, ಕೆಲಸ ಆದ ಹಾಗೆ ಅವರು ಹೇಳಿದ್ದನ್ನು ನಾನು ಟಿಕ್ ಮಾಡುತ್ತ ಹೋಗಬೇಕು. "ಅಕ್ಕ, ಖಾಲಿ ಚೆಕ್‌ಗೆ ಸೈನ್ ಹಾಕಿಸ್ಕೊಂಡಂಗೆ ಆಯ್ತಲ್ಲ," ಎಂದು ನಗುತ್ತಲೇ ಹಾಕಿಕೊಟ್ಟಿದ್ದರು. ಅಂಥ ಪದ್ಧತಿ ಇಟ್ಟುಕೊಳ್ಳಬಾರದೆಂದು ನನಗೆ ಗೊತ್ತಿತ್ತು — ಆದರೂ ನನ್ನ ಫೈಲುಗಳು ಎಷ್ಟು ಚೆಂದ ಎಂದು ಎಲ್ಲರೂ ಹೊಗಳುತ್ತಿದ್ದರು.

ಆರನೆಯ ದೋಣಿಯ ದಿನ ಗುರುವಾರ. ಮಾರನೆಯ ದಿನ ದೋಣಿಗಳನ್ನು ಸರಕು ಹಡಗಿಗೆ ಏರಿಸುವುದು. ನನಗೆ ಮಾರನೆಯ ದಿನ ವರಮಹಾಲಕ್ಷ್ಮಿ, ರಜೆ ಹಾಕಿದ್ದೆ. ಆ ದೋಣಿಗೆ ಬೇಕಿದ್ದ ಸರ್ಚ್ ಲೈಟ್ ಸಿಕ್ಕದೆ ಅಗ್ಗದ ಬೇರೊಂದನ್ನು ತಂದಿದ್ದರು. ಮಾಸ್ಟ್‌ನಿಂದ ಅದನ್ನು ಚಾಚುವ ತೋಳು ಉಳಿದ ಐದಕ್ಕಿಂತ ಉದ್ದ. ಅದನ್ನು ಕೂರಿಸಿ, ಸಾಗಣೆಗೆಂದು ಮಾಸ್ಟ್ ಮಡಚಿ ಕಟ್ಟಿಯೂ ಆಗಿತ್ತು. ದೊರೆರಾಜ್ ಮಡಚಿದ ಸ್ಥಿತಿಯಲ್ಲಿ ಕೋಲು ತಿರುಗಿಸಿದರು. ಮಧ್ಯಾಹ್ನ ನಾಲ್ಕು ಗಂಟೆ.

"ವತ್ಸಲಕ್ಕ, ಈ ತೋಳು ಉದ್ದ ಐತೆ. ಕಟ್ಟು ಬಿಚ್ಚಿ ಮಾಸ್ಟ್ ಎತ್ತಿ ಇನ್ನೊಂದ್ಸಲ ತಿರುಗಿಸ್ಬಿಡೋಣ. ಎರಡು ಗಂಟೆ ಅಷ್ಟೇ."

"ಐದೂ ದೋಣಿಲಿ ಒಂದೇ ಅಳತೆ ಬಂತಲ್ಲ ದೊರೆ. ಬೇಡ ಬಿಡಿ, ನಾನು ಕ್ಲೋಸ್ ಮಾಡ್ತೀನಿ."

"ಅಕ್ಕ..."

"ನಾನಿದ್ದೀನಲ್ಲ."

ಟಿಕ್ ಹಾಕಿದೆ. ಶೀಟನ್ನು ಪ್ಲಾಸ್ಟಿಕ್ ಕವರಿಗೆ ಸೇರಿಸಿ, ರೈಲು ಹಿಡಿದು ಲಿಟಲ್ ಇಂಡಿಯಾಕ್ಕೆ ಹೂವು ತರಲು ಹೋದೆ.

ನನಗೆ ದಿನಚರಿ ಬರೆಯುವ ಅಭ್ಯಾಸ. ದೊಡ್ಡ ಯೋಚನೆಗಳೇನೂ ಇರುವುದಿಲ್ಲ. ಏನು ಅಡುಗೆ, ಯಾರ ಫೋನು, ಯಾವ ಕುಂಡದಲ್ಲಿ ಹುಳು. ಆ ಗುರುವಾರದ ಪುಟದಲ್ಲಿ ಹೀಗಿದೆ: "ದೊರೆ ಮಾಸ್ಟ್ ಎತ್ತಿ ಮತ್ತೆ ನೋಡೋಣ ಅಂದರು. ಬೇಡ ಅಂದೆ. ಸೇವಂತಿಗೆ ಎರಡು ಮಾರು, ವೀಳ್ಯದೆಲೆ, ಬಾಳೆಕಂದು ಸಿಕ್ಕಲಿಲ್ಲ."

ಮೂರು ವಾರದ ಮೇಲೆ ಅವರ ಸಮುದ್ರದಲ್ಲಿ ಗುಂಡು ಹಾರಿಸಿ ನೋಡಿದರು. ಐದು ದೋಣಿ ಸರಿ. ಆರನೆಯದರಲ್ಲಿ ಗನ್ನು ತಡೆಯವರೆಗೂ ತಿರುಗಿದಾಗ ಒಂದು ಗುಂಡು ಸರ್ಚ್ ಲೈಟಿನ ತೋಳಿಗೇ ಬಡಿಯಿತು. ಗಾಜು ಸಿಡಿದು ಗನ್ ಹಿಡಿದಿದ್ದ ನಾವಿಕನ ಕೆನ್ನೆ ಸೀಳಿತು. ಹೊಲಿಗೆ ಹಾಕಿದರು. ಕಣ್ಣು ಒಂದು ಬೆರಳಿನಷ್ಟರಲ್ಲಿ ಉಳಿಯಿತು.

ನಮ್ಮ ಆಫೀಸಿನಲ್ಲಿ ವಿಚಾರಣೆಗೆ ಕೂತೆವು. ಬಾಸ್ ಮಿಸ್ಟರ್ ಟಾನ್, ನಾನು, ದೊರೆರಾಜ್. ಪರದೆಯ ಮೇಲೆ ಲೆಫ್ಟಿನೆಂಟ್. ನನ್ನ ಶುಭ್ರವಾದ ಶೀಟು ಮೇಜಿನ ಮೇಲಿತ್ತು. ಮಾಸ್ಟ್ ಎತ್ತಿದಾಗ ಪರೀಕ್ಷೆ ಆಯಿತೇ ಎಂದು ಮಿಸ್ಟರ್ ಟಾನ್ ಕೇಳಿದರು. ನನ್ನ ಕೈಚೀಲದಲ್ಲಿ ದಿನಚರಿ ಇತ್ತು. ನಾನು ಅಂದದ್ದು ಮೂರೇ ಮಾತು:

"ಟಿಕ್ ಇದೆ. ಸಹಿ ದೊರೆರಾಜ್ ಅವರದು. ಅವರು ಹೇಳಿದ್ದನ್ನು ನಾನು ಗುರುತು ಮಾಡ್ತೀನಿ."

ಮೂರೂ ನಿಜ. ಮೂರೂ ಸೇರಿ — ಸುಳ್ಳು. ದೊರೆರಾಜ್ ನನ್ನ ಮುಖ ನೋಡಿದರು. ಬೈಯುತ್ತಾರೆ, ಈಗ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ — ಇಲ್ಲ, ಹಾಗೆ ಅಂದುಕೊಳ್ಳುವುದೂ ಒಂದು ನೆವ. ಅವರು ಹಣೆ ಉಜ್ಜಿಕೊಂಡು, "ಮೇಡಂ ಹೇಳೋದು ಸರಿ ಇರ್ಬೇಕು ಸರ್. ನಾನೇ ಮರೆತಿರ್ಬೇಕು," ಎಂದರು.

ಮಾಡದ ಪರೀಕ್ಷೆಯನ್ನು ಮಾಡಿದೆನೆಂದ ಫಿಟ್ಟರ್ ಎಂದು ವರದಿಯಲ್ಲಿ ಅವರ ಹೆಸರು ಬಂತು. ನೌಕಾಪಡೆಯವರು ತಮ್ಮ ಕೆಲಸಕ್ಕೆ ಅವರನ್ನು ಹಚ್ಚಬೇಡಿ ಎಂದರು. ಇಲ್ಲಿ ಕೆಲಸ ಮಾಡುವ ಅವರ ಪರ್ಮಿಟ್ ಮುಗಿದಾಗ ಕಂಪನಿ ಮತ್ತೆ ಮಾಡಿಸಲಿಲ್ಲ. ವುಡ್‌ಲ್ಯಾಂಡ್ಸ್ ಕಡೆ ಗ್ರಿಲ್, ಗೇಟು ಮಾಡುವ ಅಂಗಡಿಗೆ ಸೇರಿಕೊಂಡರೆಂದು ಕೇಳಿದೆ. ಕೇಳಿ — ಸದ್ಯ, ಕೆಲಸ ಸಿಕ್ಕಿತಲ್ಲ ಎಂದು ನೆಮ್ಮದಿಪಟ್ಟೆ. ಅಷ್ಟೇ.

ಕಳೆದ ತಿಂಗಳು ಅದೇ ನೌಕಾಪಡೆಯವರು ಇನ್ನೂ ನಾಲ್ಕು ದೋಣಿ ಎಂದು ಬಂದರು. ಆಗಿನ ಲೆಫ್ಟಿನೆಂಟ್ ಈಗ ಕಮಾಂಡರ್. ಅದೇ ತಂಡವಿರಲಿ, ಅದೇ ಬಿದಿರಿನ ಕೋಲಿರಲಿ, ಆದರೆ ಆ ಒಬ್ಬ ಫಿಟ್ಟರ್ ಬೇಡ ಎಂದು ಬರೆದಿದ್ದರು. ತಂಡದ ಪಟ್ಟಿ ಟೈಪ್ ಮಾಡಿದವಳು ನಾನು. "ದೊರೆರಾಜ್ ಹೊರತು" ಎಂದು ಟೈಪ್ ಮಾಡುವಾಗ ಬೆರಳು ನಿಂತಿತು. ಎಂಟು ವರ್ಷ ನಿಲ್ಲದ್ದು ಅಂದೇ ಯಾಕೆ ನಿಂತಿತೋ. ಆ ಮೂರು ಅಕ್ಷರದ "ಹೊರತು" ಯಾರೋ ಬರೆದ ವರದಿಯಲ್ಲಿರಲಿಲ್ಲ, ನನ್ನ ಕೈಯಿಂದಲೇ ಬೀಳುತ್ತಿತ್ತು, ಅದಕ್ಕಿರಬಹುದು.

ಸಂಜೆ ಗಂಡನಿಗೂ ಮಗಳಿಗೂ ಹೇಳಿದೆ. ಇವರು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದರು. ಮಗಳು ಮಾತ್ರ, "ಅಮ್ಮ, ಹಾಗಾದ್ರೆ ಅದು ನೀನೇ ಲಾ! ಆ ಅಂಕಲ್‌ಗೆ ಹೇಳಿದ್ಯಾ?" ಎಂದಳು, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ "ಲಾ" ಸಮೇತ.

ಭಾನುವಾರ ವುಡ್‌ಲ್ಯಾಂಡ್ಸ್‌ಗೆ ಹೋದೆ. ಅವರು ಹೆಂಡತಿ ಮೇರಿಯ ಜೊತೆ ಒಂದು ರೂಮು ಬಾಡಿಗೆಗೆ ಹಿಡಿದಿದ್ದಾರೆ. ತಲೆ ನರೆತಿದೆ, ಹೊಟ್ಟೆ ಸ್ವಲ್ಪ ಬಂದಿದೆ.

"ಏನಕ್ಕ, ಗಡಿ ದಾಟಿ ಜೋಹೋರ್‌ಗೆ ಹೊರಟವ್ರು ಬಸ್ ತಪ್ಪಿಸ್ಕೊಂಡ್ರಾ?"

ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಬೇರೆ ಕಡೆ ಹೋಗುತ್ತದೆ. ನಿಂತೇ ಹೇಳಿದೆ. ಎಲ್ಲ ಹೇಳಿದೆ. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ.

"ಹಾಗಾದ್ರೆ ನಾನು ನಿಜವಾಗ್ಲೂ ಕೇಳಿದ್ದೆ ಅಲ್ವಾ ಅಕ್ಕ?"

"ಕೇಳಿದ್ರಿ. ನಾಲ್ಕು ಗಂಟೆಗೆ."

"ಮೇರಿ! ಕೇಳಿದ್ದೆನಂತೆ ಕಣೇ!" ಎಂದು ಒಳಗೆ ಕೂಗಿದರು. ನನ್ನ ಕಡೆ ತಿರುಗಿದರು. "ನಂಗೆ ಜ್ಞಾಪಕ ಇತ್ತಕ್ಕ. ಆದ್ರೆ ನೀವು ಹಂಗಂದ್ರಲ್ಲ. ನೀವು ಸುಳ್ಳು ಹೇಳೋರಲ್ಲ. ಅದ್ಕೇ ನನ್ ತಲೇನೇ ಕೆಟ್ಟಿದೆ ಅಂದ್ಕೊಂಡೆ. ಒಂದ್ ವರ್ಷ ಒಂದೊಂದು ಬೋಲ್ಟನ್ನೂ ಮೂರ್ ಮೂರ್ ಸಲ ನೋಡ್ತಿದ್ದೆ. ಅಂಗಡೀಲಿ ಎಲ್ರೂ ನಗೋರು."

ಮೇರಿ ಬಾಗಿಲಲ್ಲಿ ನಿಂತಿದ್ದರು. ಅವರು ನನ್ನನ್ನು ಕೂರಿ ಎನ್ನಲಿಲ್ಲ. ಅದು ಸರಿಯಾಗಿಯೇ ಇತ್ತು.

ಕೆಲಸ ಹೋಯಿತು, ಹೆಸರು ಹೋಯಿತು ಎಂದಷ್ಟೇ ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಒಬ್ಬ ಮನುಷ್ಯ ನನ್ನ ಮೇಲಿನ ನಂಬಿಕೆಯಿಂದ ತನ್ನ ನೆನಪನ್ನೇ ನಂಬುವುದು ಬಿಟ್ಟಿದ್ದ — ಇದು ನನಗೆ ತಿಳಿದಿರಲಿಲ್ಲ. ನಾನು ಚೆನ್ನಾಗಿ ನಿದ್ದೆ ಮಾಡಿದ ಅದೇ ವರ್ಷ.

ಸೋಮವಾರ ಮಿಸ್ಟರ್ ಟಾನ್ ಕೈಗೆ ಪತ್ರ ಕೊಟ್ಟೆ, ದಿನಚರಿಯ ಆ ಪುಟದ ನಕಲು ಮತ್ತು ಅದರ ಇಂಗ್ಲಿಷ್ ಅರ್ಥ ಸೇರಿಸಿ. ಅವರು ಎರಡು ಸಲ ಓದಿದರು.

"ಎಂಟು ವರ್ಷ ಆಗಿದೆ ಲಾ, ವತ್ಸಲಾ. ಈಗ ಯಾರಿಗೆ ಬೇಕು ಇದು?"

"ಕಮಾಂಡರ್‌ಗೂ ಒಂದು ಪ್ರತಿ ಬೆಳಿಗ್ಗೆಯೇ ಕಳಿಸಿದ್ದೀನಿ, ಸರ್. ನಿಮ್ಮನ್ನ ಕೇಳಿದ್ರೆ ಬೇಡ ಅಂತೀರಿ ಅಂತ."

ಅವರಿಗೆ ಕೋಪ ಬಂತು, ಬರಬೇಕಾದದ್ದೇ. ಹೊಸ ದೋಣಿಗಳ ಕೆಲಸದಿಂದ ನನ್ನನ್ನು ತೆಗೆದರು. ಕಾಂಟ್ರಾಕ್ಟ್ ಮಾತ್ರ ಉಳಿಯಿತು. ಹಳೆಯ ವರದಿ ತಿದ್ದುವುದಾಗಿ ಕಮಾಂಡರ್ ಬರೆದರು. ದೊರೆರಾಜ್ ಒಪ್ಪಿದರೆ ಅವರೇ ಬರಲಿ ಎಂದೂ ಬರೆದರು. ನಾನೀಗ ಸ್ಟೋರ್‌ನಲ್ಲಿದ್ದೇನೆ. ನಟ್ಟು, ವಾಷರ್, ಬಣ್ಣದ ಡಬ್ಬ. ಕೆಲಸ ಹಿಡಿಸಿದೆ ಎಂದರೆ ಕೇಳಿದವರಿಗೆ ಸಿಟ್ಟು ಬಂದೀತು, ಆದರೆ ಹಿಡಿಸಿದೆ.

ದೊರೆರಾಜ್ ನಿನ್ನೆ ಫೋನ್ ಮಾಡಿದ್ದರು. ಬರುವುದಿಲ್ಲವಂತೆ. ಗ್ರಿಲ್ ಅಂಗಡಿಯಲ್ಲಿ ಈಗ ಅವರೇ ಮೇಸ್ತ್ರಿ. "ಗೇಟು ಯಾರ ಮೇಲೂ ಗುಂಡು ಹಾರ್ಸಲ್ಲ ಅಕ್ಕ," ಎಂದು ನಕ್ಕರು. ತಿದ್ದಿದ ವರದಿಯ ಒಂದು ಪ್ರತಿ ಮಾತ್ರ ಬೇಕಂತೆ. ಮೇರಿಯ ತಮ್ಮನೂ ಫಿಟ್ಟರ್, ಅವನಿಗೆ ತೋರಿಸಬೇಕಂತೆ. ಅದು ಕೈಗೆ ಬಂದ ದಿನವೇ ನಾನೇ ಒಯ್ದು ಕೊಟ್ಟು ಬರುತ್ತೇನೆ.

ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ, ಕೇಳುವುದೂ ಇಲ್ಲ. ಅವರು ಕ್ಷಮೆ ಕೊಟ್ಟರೆ ನನಗೆ ಇನ್ನಷ್ಟು ನೆಮ್ಮದಿ ಆಗುತ್ತದೆ. ಎಂಟು ವರ್ಷದ ನೆಮ್ಮದಿಯನ್ನು ನಾನು ಅವರಿಂದ ಹೇಳದೆ ತೆಗೆದುಕೊಂಡಿದ್ದೇನೆ. ಇನ್ನೂ ಬೇಕೆಂದು ಅವರ ಬಾಗಿಲಲ್ಲಿ ನಿಲ್ಲಲಾರೆ.