ಕುರ್ದಿಶ್ ಸಹೋದ್ಯೋಗಿಯ ಹನ್ನೊಂದು ತಿಂಗಳುಗಳ ಕುರಿತು

ಮಾನ್ಯ ಓದುಗರ ಸನ್ನಿಧಿಗೆ,

ಎಲ್ಲಕ್ಕಿಂತ ಮೊದಲು ನನ್ನ ಕಾಗುಣಿತ ಮತ್ತು ಕೈಬರಹಕ್ಕಾಗಿ ಕ್ಷಮೆ ಕೋರುತ್ತೇನೆ. ಹತ್ತನೆಯ ತರಗತಿಯ ನಂತರ ನಾನು ಕನ್ನಡದಲ್ಲಿ ಬರೆದದ್ದೆಲ್ಲ ಅರ್ಜಿಗಳು ಮಾತ್ರ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷ್. ಆದ್ದರಿಂದ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿರಬಹುದು, ಸಾಲುಗಳು ಓರೆಯಾಗಿರಬಹುದು. ಪತ್ರ ಬರೆಯುವ ಕ್ರಮವೊಂದನ್ನು ಬಿಟ್ಟು ಬೇರೆ ಕ್ರಮ ನನಗೆ ತಿಳಿಯದು. ಆ ಕಾರಣ ಈ ನೆನಪನ್ನೂ ಅದೇ ಕ್ರಮದಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ವಿಷಯವೇನೆಂದರೆ, ದೋಹಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಕುರ್ದಿಶ್ ಮನುಷ್ಯರ ಕಡತದಲ್ಲಿ ನಾನು ಎರಡು ಸಾಲು ಬರೆದೆ. ಆ ಎರಡು ಸಾಲುಗಳ ಹೊಣೆಯನ್ನು ಐದು ವರ್ಷ ಹೊತ್ತುಕೊಳ್ಳದೆ ಇದ್ದೆ.

ನಮ್ಮ ಕಚೇರಿ ದೋಹಾದ ನಡುಭಾಗದ ಮುಶೈರಿಬಿನಲ್ಲಿತ್ತು. ನಾನು ಅಲ್ ವಕ್ರಾದಿಂದ ಕಂಪನಿಯ ವ್ಯಾನಿನಲ್ಲಿ ಬರುತ್ತಿದ್ದೆ. ಆಗಿನ್ನೂ ಮೆಟ್ರೊ ಇರಲಿಲ್ಲ. ವಿಶ್ವಕಪ್ಪಿಗಾಗಿ ಕಟ್ಟುತ್ತಿದ್ದ ಒಂದು ಕ್ರೀಡಾಂಗಣದಲ್ಲಿ ದಾರಿ ತೋರಿಸುವ ಫಲಕಗಳನ್ನು ಮಾಡಿ ಹಾಕುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತ್ತು. ಆ ಜಾಗದೊಳಗೆ ಹೋಗುವ ಪ್ರತಿಯೊಬ್ಬರಿಗೂ ಗೇಟ್ ಪಾಸ್ ಬೇಕು. ಪಾಸಿಗೆ ಕಡತ ಸಿದ್ಧಪಡಿಸುವುದು ನನ್ನ ಕೆಲಸ.

ಕಡತದಲ್ಲಿ ಸೇವಾವಿವರವೆಂಬ ಹಾಳೆ ಇರುತ್ತದೆ. ಯಾವ ವರ್ಷ ಎಲ್ಲಿ ಕೆಲಸ ಮಾಡಿದ್ದು, ನಡುವೆ ಎಷ್ಟು ತಿಂಗಳು ಖಾಲಿ. ಮೂರು ತಿಂಗಳಿಗಿಂತ ಹೆಚ್ಚು ಖಾಲಿ ಇದ್ದರೆ ಕಾರಣ ಬರೆಯಬೇಕು. ನನಗಿಂತ ಮೊದಲು ಆ ಮೇಜಿನಲ್ಲಿದ್ದವರು ಎಲ್ಲ ಖಾಲಿಗೂ ಒಂದೇ ಮದ್ದು ಹಚ್ಚಿದ್ದರು: ‘ಕುಟುಂಬದ ಕೃಷಿಯಲ್ಲಿ ತೊಡಗಿದ್ದರು.’ ಅವರ ಕಡತಗಳನ್ನು ನಂಬುವುದಾದರೆ ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದ ನಮ್ಮ ವೆಲ್ಡರ್ ಕೂಡ ಒಂದೂವರೆ ವರ್ಷ ಭತ್ತ ಬೆಳೆದಿದ್ದರು.

ನಮ್ಮ ಆಡಳಿತ ವ್ಯವಸ್ಥಾಪಕರು ಮೈಸೂರಿನವರು. ನಾನು ಸೇರಿದ ವಾರವೇ ಕರೆದು ಹೇಳಿದ್ದರು, “ನೋಡಮ್ಮ, ಗ್ಯಾಪ್ ಅನ್ನೋದು ಹಲ್ಲಿನ ಸಂದಿ ಇದ್ದಂಗೆ. ಏನಾದ್ರೂ ಸಿಕ್ಕಾಕ್ಕೊಳ್ಳೋಕ್ ಮುಂಚೆ ಮುಚ್ಚಿಬಿಡಬೇಕು.”

“ಸುಳ್ಳು ಬರೀಬೇಕಾ ಸರ್?”

“ಸುಳ್ಳು ಅಂತ ಯಾರಂದ್ರು? ಯಾರ ಮನೇಲಿ ಒಂದು ತೆಂಗಿನ ಮರ ಇರಲ್ಲ ಹೇಳು.”

ನನ್ನ ಸಹೋದ್ಯೋಗಿ ಫಲಕಗಳ ನಕ್ಷೆ ಬರೆಯುವವರು. ಸಿರಿಯಾದ ಉತ್ತರ ಗಡಿಯ ಒಂದು ಸಣ್ಣ ಪಟ್ಟಣದವರು. ನನ್ನ ಮೇಜಿನಿಂದ ನಾಲ್ಕು ಮೇಜು ಆಚೆ ಕೂರುತ್ತಿದ್ದರು. ನನ್ನನ್ನು ‘ಉಖ್ತಿ’ ಎನ್ನುತ್ತಿದ್ದರು, ಅಂದರೆ ಅಕ್ಕ ಅಥವಾ ತಂಗಿ. ಅವರ ಹೆಂಡತಿ ಮತ್ತು ಆರು ವರ್ಷದ ಮಗಳು ಗಡಿ ದಾಟಿ ಇರಾಕಿನ ಎರ್ಬಿಲ್‌ನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಪಾಸ್ ನವೀಕರಣವಾದರೆ ಒಪ್ಪಂದ ಮುಂದುವರಿಯುತ್ತದೆ, ಒಪ್ಪಂದ ಮುಂದುವರಿದರೆ ಅವರಿಬ್ಬರನ್ನೂ ದೋಹಾಕ್ಕೆ ಕರೆಸಿಕೊಳ್ಳಲು ಅರ್ಜಿ ಹಾಕಬಹುದು. ಆ ವರ್ಷ ಅವರಿಗಿದ್ದದ್ದು ಇದೊಂದೇ ಚಿಂತೆ. ಅಲ್ ವಕ್ರಾದಲ್ಲಿ ಯಾವ ಶಾಲೆ ಒಳ್ಳೆಯದು ಎಂದು ನನ್ನನ್ನು ಎರಡು ಸಲ ಕೇಳಿದ್ದರು.

ಮಧ್ಯಾಹ್ನ ನಾವು ಮೂವರು ಒಟ್ಟಿಗೆ ಊಟ ಮಾಡುತ್ತಿದ್ದೆವು. ಮೂರನೆಯವರು ನಮ್ಮ ಸ್ಟೋರ್ ಕೀಪರ್, ಸಿರಿಯಾದವರೇ, ಅಲೆಪ್ಪೊ ನಗರದ ಅರಬ್ಬರು. ಉಮ್ಮ್ ಸಲಾಲಿನ ನಮ್ಮ ಗೋದಾಮಿನಿಂದ ವಾರಕ್ಕೆ ಮೂರು ದಿನ ಕಚೇರಿಗೆ ಬರುತ್ತಿದ್ದರು. ನನ್ನ ನೀರುದೋಸೆ, ಸ್ಟೋರ್ ಕೀಪರ್ ತರುತ್ತಿದ್ದ ಎಣ್ಣೆಯಲ್ಲಿ ನೆನೆಸಿದ ಬದನೆಕಾಯಿ, ಕುರ್ದಿಶ್ ಸಹೋದ್ಯೋಗಿಯ ಗೋಧಿ ನುಚ್ಚಿನ ಅನ್ನ. ಮಾತು ಇಂಗ್ಲಿಷು ಮತ್ತು ಅರಬ್ಬಿಯ ಬೆರಕೆ. ಅವರಿಬ್ಬರ ನಡುವೆ ಒಂದು ಇಡೀ ಅಂತರ್ಯುದ್ಧವಿದ್ದರೂ ಬದನೆಕಾಯಿಯ ಡಬ್ಬಿ ಇತ್ತಿಂದತ್ತ ಹೋಗುತ್ತಿತ್ತು.

ಸ್ಟೋರ್ ಕೀಪರ್ ಇವರನ್ನು ‘ಯಾ ರಯೀಸ್’ ಎಂದು ಕೆಣಕುತ್ತಿದ್ದರು. ಅಧ್ಯಕ್ಷರೇ ಎಂದರ್ಥ. “ನಾನು ಅಲೆಪ್ಪೊದಲ್ಲಿ ರೊಟ್ಟಿ ಹುಡುಕ್ತಾ ಇದ್ದಾಗ ನೀವು ರಾಜ್ಯ ಕಟ್ಟಿಕೊಂಡಿರಿ. ನಿಮ್ಮೂರಿಗೆ ಬರಲು ನನಗೆ ವೀಸಾ ಬೇಕಾ?”

“ನಿನಗೆ ವೀಸಾ ಬೇಡ, ನಾಲಿಗೆಗೆ ಮಾತ್ರ ಬೇಕು,” ಎಂದು ಇವರು ಉತ್ತರಿಸುತ್ತಿದ್ದರು.

ಹೀಗೆ ಊಟದ ಮೇಜಿನಲ್ಲಿ ನಾನು ಆ ಊರಿನ ಕಥೆಯನ್ನು ಕೇಳಿದ್ದು. ಯುದ್ಧ ಶುರುವಾದ ಮರುವರ್ಷ ಸರ್ಕಾರದ ಸೈನ್ಯ ಹೆಚ್ಚುಕಡಿಮೆ ಸದ್ದಿಲ್ಲದೆ ಅವರ ಪಟ್ಟಣ ಬಿಟ್ಟುಹೋಯಿತಂತೆ. ಬೆಳಗಾದಾಗ ಠಾಣೆಯ ಬಾಗಿಲಲ್ಲಿ ಕುರ್ದಿಶ್ ಹುಡುಗ ಹುಡುಗಿಯರು ಬಂದೂಕು ಹಿಡಿದು ನಿಂತಿದ್ದರು. ಆಮೇಲೆ ಬೀದಿಗೊಂದು ಸಮಿತಿ ಬಂತು. ರೊಟ್ಟಿ, ಡೀಸೆಲ್ ಹಂಚುವುದು ಆ ಸಮಿತಿಯೇ. ಪ್ರತಿ ಸಮಿತಿಗೂ ಇಬ್ಬರು ಮುಖ್ಯಸ್ಥರು, ಒಬ್ಬ ಗಂಡಸು, ಒಬ್ಬ ಹೆಂಗಸು. ಶಾಲೆಯಲ್ಲಿ ಮೊದಲ ಬಾರಿಗೆ ಕುರ್ದಿಶ್ ಕಲಿಸಿದರು. ಇವರ ತಂದೆ ಹುಟ್ಟಿದ ನೆಲದಲ್ಲೇ ಪೌರತ್ವವಿಲ್ಲದೆ, ಪರದೇಶಿ ಎಂದು ಬರೆದ ಚೀಟಿ ಹಿಡಿದು ಬಾಳಿದವರು. ಅಂಥವರ ಮಗನಿಗೆ ಹೊಸ ನಗರಸಭೆ ಊರಿನ ಫಲಕಗಳನ್ನು ಬರೆಯುವ ಕೆಲಸ ಕೊಟ್ಟಿತು: ಕುರ್ದಿಶ್, ಅರಬ್ಬಿ, ಅಲ್ಲಿನ ಕ್ರೈಸ್ತರ ಸಿರಿಯಾಕ್, ಮೂರೂ ಲಿಪಿಗಳಲ್ಲಿ.

ಮನೆಗೊಬ್ಬರಂತೆ ಕಾವಲಿಗೂ ಹೋಗಬೇಕಿತ್ತು. ಊರ ಬಾಯಲ್ಲಿ ಮೂವರು ಗಂಡಸರು, ಎರಡು ಬಂದೂಕು, ಅದರಲ್ಲೊಂದು ಸಿಡಿಯುತ್ತಿರಲಿಲ್ಲ. ಒಂದು ದಿನ ತಮ್ಮ ಹಳೆಯ ಮೇಷ್ಟರ ಕಾರನ್ನೇ ತಡೆದರಂತೆ. ತರಗತಿಯಲ್ಲಿ ಕುರ್ದಿಶ್ ಮಾತನಾಡಿದ್ದಕ್ಕೆ ಇವರ ಅಂಗೈಗೆ ಹೊಡೆಯುತ್ತಿದ್ದ ಮೇಷ್ಟರು ಅವರು.

“ಎಂತ ಮಾಡಿದ್ರಿ ಮತ್ತೆ?” ಎಂದು ಕೇಳಿದೆ.

“ಚಹಾ ಕೊಟ್ಟೆ. ಆಮೇಲೆ ಡಿಕ್ಕಿ ತೆಗೆಸಿ ನೋಡಿದೆ.”

ನಾನು ನಕ್ಕೆ. ಸ್ಟೋರ್ ಕೀಪರ್ ನಗಲಿಲ್ಲ. “ಯುದ್ಧಕ್ಕೆ ಹೆದರಿ ಓಡಿ ವಾಪಸ್ ಬಂದ ನನ್ನ ಅತ್ತೆಯ ಊರಿನವರಿಗೆ ನಿಮ್ಮ ಕಾವಲಿನವರು ಚಹಾನೂ ಕೊಡಲಿಲ್ಲ, ಮನೆಗೂ ಹೋಗಲು ಬಿಡಲಿಲ್ಲ,” ಎಂದರು. ಇವರು ತಟ್ಟೆ ಪಕ್ಕಕ್ಕೆ ಸರಿಸಿ, “ಅದೂ ಆಗಿದೆ,” ಎಂದರು. “ಎಲ್ಲ ಸರಿಯಿತ್ತು ಅಂತ ನಾನು ಹೇಳಲ್ಲ. ನಮ್ಮ ಬೀದಿಯ ಒಬ್ಬರನ್ನು ಬೇರೆ ಪಕ್ಷದವರು ಅಂತ ನಮ್ಮವರೇ ಕರೆದುಕೊಂಡು ಹೋದರು. ಆ ದಿನ ರಿಜಿಸ್ಟರಿನಲ್ಲಿ ಅವರ ಹೆಸರು ಬರೆದವನು ನಾನೇ.”

ನಗರಸಭೆ ಮತ್ತು ಕಾವಲಿನಲ್ಲಿ ಕಳೆದ ಆ ಹನ್ನೊಂದು ತಿಂಗಳುಗಳೇ ಅವರ ಸೇವಾವಿವರದ ಖಾಲಿ ಜಾಗ. ಅಲ್ಲಿಯೂ ಹಳಬರು ‘ಕುಟುಂಬದ ಕೃಷಿ’ ಎಂದೇ ಬರೆದಿದ್ದರು. ಹಿಂದಿನ ಎರಡು ವರ್ಷ ಆ ಹಾಳೆಯ ಮೇಲೆಯೇ ಪಾಸ್ ಬಂದಿತ್ತು.

ಮೂರನೆಯ ನವೀಕರಣದ ಹೊತ್ತಿಗೆ ಕಚೇರಿಯಲ್ಲಿ ಒಂದು ಸುತ್ತೋಲೆ ಬಂತು. ಕಡತದಲ್ಲಿ ತಪ್ಪು ಮಾಹಿತಿ ಕಂಡುಬಂದರೆ ‘ಸಿದ್ಧಪಡಿಸಿದವರು’ ಎಂಬಲ್ಲಿ ಸಹಿ ಮಾಡಿದವರೇ ಜವಾಬ್ದಾರರು ಎಂದು. ಅಲ್ಲಿ ಸಹಿ ಮಾಡುವುದು ನಾನು. ಸುತ್ತೋಲೆಯನ್ನು ನಾಲ್ಕು ಸಲ ಓದಿದೆ. ವೆಲ್ಡರ್ ಅವರ ಭತ್ತವನ್ನು ಹಾಗೆಯೇ ಬಿಟ್ಟೆ, ಏಕೆಂದರೆ ಅವರ ನಿಜ ನನಗೆ ಗೊತ್ತಿರಲಿಲ್ಲ. ಇವರ ನಿಜ ಗೊತ್ತಿತ್ತು. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದೆ ಎಂದಾಗಬಾರದು. ಹಳೆಯ ಹಾಳೆ ತೆಗೆದು ಹೊಸದರಲ್ಲಿ ಟೈಪ್ ಮಾಡಿದೆ: ‘ಈ ಅವಧಿಯಲ್ಲಿ ಸದರಿಯವರು ಸ್ವಂತ ಊರಿನ ಸ್ವಾಡಳಿತದ ನಗರಸಭೆಯಲ್ಲಿ ನಕ್ಷೆಗಾರರಾಗಿ ಕೆಲಸ ನಿರ್ವಹಿಸಿರುತ್ತಾರೆ. ಜೊತೆಗೆ ಕುರ್ದಿಶ್ ಪಡೆಯ ಅಧೀನದಲ್ಲಿ ಕಾವಲು ಕರ್ತವ್ಯವನ್ನೂ ಸಲ್ಲಿಸಿರುತ್ತಾರೆ.’ ಓದಿ ನೋಡಿದಾಗ ಗೌರವಯುತವಾಗಿಯೇ ಕಂಡಿತು. ನಾನು ಅವರಿಗೆ ನ್ಯಾಯ ಒದಗಿಸುತ್ತಿದ್ದೇನೆ ಎಂದೂ ಅಂದುಕೊಂಡೆ. ನಾಲ್ಕು ಮೇಜು ಆಚೆ ಕುಳಿತಿದ್ದವರನ್ನು ಒಂದು ಮಾತು ಕೇಳಲಿಲ್ಲ.

ಹನ್ನೆರಡು ದಿನಗಳ ನಂತರ, ಒಂದು ಗುರುವಾರ, ಪಾಸ್ ಕೊಡುವ ಕಚೇರಿಯಿಂದ ಕಡತ ವಾಪಸ್ ಬಂತು. ವ್ಯವಸ್ಥಾಪಕರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಯಾವ ಪಡೆ, ಯಾರ ಅಧೀನ, ಬಂದೂಕು ಹಿಡಿದಿದ್ರಾ, ಎಲ್ಲ ಕೇಳವ್ರೆ ನೋಡು. ಇದನ್ನ ಯಾರಮ್ಮ ಬರೆದಿದ್ದು?”

ನಾನು ಹೇಳಿದ ಉತ್ತರವನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ. “ಅವರೇ ಹೇಳಿದ್ದು ಸರ್.”

“ಹೇಳಿದ್ನಾ? ಬುದ್ಧಿ ಇದ್ಯಾ ಆ ಮನುಷ್ಯಂಗೆ?” ಎಂದು ಹಣೆ ಒತ್ತಿಕೊಂಡರು. ಆಮೇಲೆ ದನಿ ತಗ್ಗಿಸಿ, “ಒಂದ್ ಕೆಲ್ಸ ಮಾಡು. ಹಳೇದೇ ಸರಿ, ಟೈಪಿಂಗ್‌ನಲ್ಲಿ ತಪ್ಪಾಗಿದೆ ಅಂತ ಒಂದು ಲೆಟರ್ ಮಾಡಿ ಸಹಿ ಹಾಕ್ಕೊಡು. ನಾನೇ ಹೋಗಿ ಕೊಟ್ಟು ಬರ್ತೀನಿ. ಇವತ್ತೇ ಆಗ್ಬೇಕು.”

ಟೈಪಿಂಗ್ ತಪ್ಪು ಎಂದರೆ ನನ್ನ ತಪ್ಪು ಎಂದು ನಾನೇ ಸಹಿ ಮಾಡಿದಂತೆ. ಪತ್ರ ಸಿದ್ಧಪಡಿಸಿದೆ. ವಿಷಯ, ಉಲ್ಲೇಖ, ಒಕ್ಕಣೆ, ಎಲ್ಲ ಸರಿಯಿತ್ತು. ಸಹಿಯ ಜಾಗದ ಎದುರು ಪೆನ್ನು ಹಿಡಿದು ಕುಳಿತಿದ್ದೆ. ನನ್ನ ಒಪ್ಪಂದವೂ ಆ ವರ್ಷವೇ ಮುಗಿಯುವುದಿತ್ತು. ನನಗೂ ಶಾಲೆಗೆ ಹೋಗುವ ಮಕ್ಕಳಿದ್ದರು. ಮೂರು ಗಂಟೆಗೆ ವ್ಯಾನ್ ಬಂತು. ಶುಕ್ರ, ಶನಿ ಅಲ್ಲಿ ರಜೆ. ಭಾನುವಾರ ಬೆಳಿಗ್ಗೆ ಕೊಡುತ್ತೇನೆ ಎಂದು ಪತ್ರವನ್ನು ಡ್ರಾಯರಿನಲ್ಲಿಟ್ಟು ಹೊರಟೆ. ಭಾನುವಾರ ನಾನು ಬರುವಷ್ಟರಲ್ಲಿ ಕಂಪನಿಯ ಮೇಲಿನವರು ತೀರ್ಮಾನ ಮಾಡಿಯಾಗಿತ್ತು: ತಂಟೆ ಬೇಡ, ಪಾಸಿನ ಅರ್ಜಿ ಹಿಂತೆಗೆದುಕೊಳ್ಳಿ, ಒಪ್ಪಂದ ನವೀಕರಿಸಬೇಡಿ. ಸಹಿ ಹಾಕದ ಆ ಪತ್ರವನ್ನು ನಾನು ಹರಿದೆ.

ಆ ದಿನ ಕುರ್ದಿಶ್ ಸಹೋದ್ಯೋಗಿ ಊಟದ ಡಬ್ಬಿ ತೆರೆಯಲಿಲ್ಲ. ಸ್ಟೋರ್ ಕೀಪರ್ ಬಂದಿರಲಿಲ್ಲ, ನಾವಿಬ್ಬರೇ.

“ನನ್ನದೇ ಮಾತಂತೆ, ಉಖ್ತಿ. ನಾನೇ ಹೇಳಿದ್ದೆ ಅಂತ ಸರ್ ಅಂದರು. ಈ ಕಚೇರಿಯಲ್ಲಿ ನಾನು ಈ ಮೇಜಿನಲ್ಲಿ ಬಿಟ್ಟು ಬೇರೆಲ್ಲೂ ಹೇಳಿಲ್ಲ.” ಮುಚ್ಚಿದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಮುಂದುವರಿಸಿದರು, “ಅವನೇ ಸರ್ ಕಿವಿಗೆ ಹಾಕಿದ್ದು. ಅತ್ತೆಯ ಊರಿನ ಸಿಟ್ಟು ಅವನಿಗೆ. ನಾನು ಅವನ ಬದನೆಕಾಯಿ ತಿಂದೆ.”

ಆ ಮೇಜಿನಲ್ಲಿ ಕೇಳಿಸಿಕೊಂಡವರು ಇಬ್ಬರು. ಒಬ್ಬರ ಮೇಲೆ ಅವರಿಗೆ ಅನುಮಾನ ಬಂತು, ಇನ್ನೊಬ್ಬಳು ಎದುರಿಗೇ ಕುಳಿತು ಅವರ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು. ನನ್ನ ಬಾಯಿಂದ ಬಂದದ್ದು, “ಇರಲಿಕ್ಕಿಲ್ಲ, ಅವರು ಹಾಗೆ ಮಾಡುವವರಲ್ಲ,” ಎಂಬ ಮಾತು ಮಾತ್ರ. ಅಷ್ಟು ಹೇಳಿ ನಿಲ್ಲಿಸುವುದು ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆಂದು ನನಗೆ ತಿಳಿದಿತ್ತು.

ತಿಂಗಳೊಳಗೆ ಅವರು ಎರ್ಬಿಲ್‌ಗೆ ಹೋದರು. ಹೆಂಡತಿ ಮಗಳನ್ನು ಇಲ್ಲಿಗೆ ಕರೆಸಬೇಕಾಗಿದ್ದವರು ತಾವೇ ಆ ಬಾಡಿಗೆ ಕೋಣೆಗೆ ಮೂರನೆಯವರಾಗಿ ಹೋದರು. ಹೊರಡುವ ದಿನ ಎಲ್ಲರ ಕೈಕುಲುಕಿದರು, ಸ್ಟೋರ್ ಕೀಪರ್ ಒಬ್ಬರನ್ನು ಬಿಟ್ಟು. ನನಗೆ, “ನನ್ನ ಹಾಳೆಗಳನ್ನು ನೀನೊಬ್ಬಳೇ ನೆಟ್ಟಗೆ ಇಟ್ಟವಳು,” ಎಂದರು.

ಆ ನಂತರ ಹಬ್ಬಕ್ಕೊಮ್ಮೆ ಅವರಿಂದ ಸಂದೇಶ ಬರುತ್ತಿತ್ತು. ನಾನು ಪ್ರತಿ ಸಲವೂ ಕುಟುಂಬದ ಕ್ಷೇಮ ವಿಚಾರಿಸಿ ಎರಡು ಸಾಲು ಬರೆದು ಮುಗಿಸುತ್ತಿದ್ದೆ.

ವಿಶ್ವಕಪ್ ನಡೆದ ವರ್ಷ ನಮ್ಮ ಕಂಪನಿಯವರಿಗೂ ಕೆಲವು ಟಿಕೆಟ್ ಸಿಕ್ಕಿದವು. ನಾನು ಹೋದೆ. ಪಂದ್ಯ ನಾವು ಫಲಕ ಹಾಕಿದ ಕ್ರೀಡಾಂಗಣದಲ್ಲೇ ಇತ್ತು; ಅಲ್ಲಿನ ಫಲಕಗಳ ಅಕ್ಷರ, ಬಾಣದ ಗುರುತು, ಅಂಚಿನ ಅಳತೆ, ಎಲ್ಲ ಆ ಕುರ್ದಿಶ್ ಸಹೋದ್ಯೋಗಿಯ ಕೈಯದು. ಆಟದ ನಡುವೆ ಹೊರಗೆ ಬಂದು ನಿಂತಿದ್ದೆ. ಸ್ಟೋರ್ ಕೀಪರ್ ಕೂಡ ಎದ್ದು ಬಂದರು.

“ರಯೀಸ್ ನಿನಗೆ ಮೆಸೇಜ್ ಮಾಡ್ತಾನಂತೆ. ನನ್ನ ಬಗ್ಗೆ ಏನಾದರೂ ಕೇಳ್ತಾನಾ?”

“ಇಲ್ಲ,” ಎಂದೆ.

“ಹೋಗುವ ದಿನ ನಾನು ಕೈ ಚಾಚಿದೆ. ಅವನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡ. ಪಟ್ಟಿ ಸರಿಯಾಗೇ ಇತ್ತು. ನಾನು ಅರಬ್ಬ ಅಂತಲೋ, ಅತ್ತೆಯ ಊರಿನ ಮಾತು ಎತ್ತಿದ್ದಕ್ಕೋ, ಐದು ವರ್ಷದಿಂದ ಯೋಚಿಸ್ತಾ ಇದ್ದೇನೆ.”

ಆಗ ಹೇಳಿದೆ. ಸುತ್ತೋಲೆ, ಎರಡು ಸಾಲು, ಗುರುವಾರ, ಡ್ರಾಯರ್, ಚಹಾ, ಎಲ್ಲವನ್ನೂ. ಒಳಗಿನಿಂದ ಜನರ ಗದ್ದಲ ಬಂದಾಗ ನಿಲ್ಲಿಸಿ, ತಗ್ಗಿದ ಮೇಲೆ ಮುಂದುವರಿಸಬೇಕಾಯಿತು. ಕೊನೆಗೆ ಕ್ಷಮೆ ಕೇಳಿದೆ.

“ನನ್ನನ್ನೇಕೆ ಕೇಳ್ತೀ,” ಎಂದರು. ಸಿಟ್ಟು ಕಾಣಿಸಲಿಲ್ಲ, ಬಹಳ ದಣಿದವರಂತೆ ಕಂಡರು. “ನಮ್ಮ ಊರಿನಲ್ಲಿ ಯುದ್ಧ ಇತ್ತು, ಅಲ್ಲಿ ಯಾರು ಯಾರನ್ನು ಹಿಡಿದುಕೊಟ್ಟರೂ ಅದಕ್ಕೊಂದು ಕಾರಣ ಇತ್ತು. ನಿನಗೇನಿತ್ತು? ಖಲಾಸ್. ಅವನಿಗೆ ಬರಿ.”

ಮರುದಿನ ಬೆಳಿಗ್ಗೆ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದೆ. ಈ ಬಾರಿ ‘ಬರೆಯಲಾಯಿತು’, ‘ಕಂಡುಬಂದಿತು’ ಎಂಬ ಕ್ರಮದಲ್ಲಿ ಬರೆಯದೆ, ನಾನು ಬರೆದೆ, ನಾನು ಸುಮ್ಮನಿದ್ದೆ ಎಂದೇ ಬರೆದೆ. ಅವರು ಓದಿದ ಗುರುತು ಸಂಜೆಯೊಳಗೆ ಕಾಣಿಸಿತು. ಉತ್ತರ ಬರಲಿಲ್ಲ.

ಆ ವಾರದ ಕೊನೆಗೆ ಸ್ಟೋರ್ ಕೀಪರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. “ನಿನ್ನೆ ಫೋನ್ ಮಾಡಿದ್ದ. ಒಂದು ಗಂಟೆ ಮಾತಾಡಿದೆವು. ಮಗಳು ಈಗ ನನಗಿಂತ ಚೆನ್ನಾಗಿ ಅರಬ್ಬಿ ಮಾತಾಡ್ತಾಳೆ.”

“ನನ್ನ ಬಗ್ಗೆ ಎಂತದಾದರೂ ಹೇಳಿದ್ರಾ?”

“ಮಾಫಿ,” ಎಂದರು. ಏನೂ ಇಲ್ಲ.

ಅದು ನನಗೆ ಸಲ್ಲಬೇಕಾದದ್ದೇ ಎಂದು ಒಪ್ಪಿಕೊಂಡಿದ್ದೇನೆ. ಹಬ್ಬದ ಸಂದೇಶವೂ ಅಲ್ಲಿಗೆ ನಿಂತಿತು.

ಅವರ ಊರು, ಅಲ್ಲಿನ ಸ್ವಾಡಳಿತ, ಅಲ್ಲಿನ ಪಡೆಗಳ ಬಗ್ಗೆ ನಾನು ಬರೆದಿರುವುದೆಲ್ಲ ಊಟದ ಮೇಜಿನಲ್ಲಿ ಕೇಳಿದ್ದಷ್ಟೇ. ಬಲ್ಲವರು ಅದರಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಬೇಕು. ಅಕ್ಷರದಲ್ಲಿ, ವ್ಯಾಕರಣದಲ್ಲಿ ಕಂಡರೂ ಸಂಕೋಚವಿಲ್ಲದೆ ಕೆಂಪು ಗೆರೆ ಎಳೆಯಬೇಕು. ನಾನು ಒಬ್ಬಳೇ ಕುಳಿತು, ಯಾರನ್ನೂ ಕೇಳದೆ ಬರೆದ ಹಾಳೆ ಸರಿಯಾಗಿಯೇ ಇದೆ ಎಂದು ಹೇಳುವ ಧೈರ್ಯ ನನಗೆ ಈಗ ಇಲ್ಲ.

ತಮ್ಮ ವಿಧೇಯಳು